ಸಲಹಾ ಸಮಿತಿಯ ಗೂಬೆ

ನಮ್ಮ ಮನೆಯವರದು ಮೂವತ್ತೆಂಟು ವರ್ಷ ಪಾಠ ಮಾಡಿದ ಗಂಟಲು. ನಿವೃತ್ತಿಯ ದಿನ ಶಾಲೆಯವರು ಬೀಗದ ಕೈ, ಹಾಜರಿ ಪುಸ್ತಕ ಎಲ್ಲವನ್ನೂ ವಾಪಸು ತೆಗೆದುಕೊಂಡರು, ಗಂಟಲನ್ನು ಮಾತ್ರ ನನ್ನ ಪಾಲಿಗೆ ಬಿಟ್ಟು ಕಳಿಸಿದರು. ಕನ್ನಡಕ ಎಲ್ಲಿ ಎಂದು ಕೇಳುವುದಾದರೂ ಹಿಂದಿನ ಬೆಂಚಿನವರಿಗೆ ಮುಟ್ಟಬೇಕು, ಹಾಗೆ ಕೇಳುತ್ತಾರೆ. ನಾನು ಬಟ್ಟೆ ಹೊಲಿಯುತ್ತಿದ್ದವಳು. ಹೊಲಿಗೆ ಯಂತ್ರದ ಸದ್ದಿನಲ್ಲಿ ಇವರ ಮುಕ್ಕಾಲು ಪಾಲು ಮಾತು ಮುಳುಗಿಹೋಗುತ್ತಿತ್ತು, ಸಂಸಾರ ಸುಸೂತ್ರವಾಗಿ ನಡೆದಿತ್ತು. ಕಣ್ಣು ಮಂಜಾಗಿ ನಾನು ಹೊಲಿಗೆ ಬಿಟ್ಟ ಮೇಲೆ ಕಷ್ಟ ಶುರುವಾಯಿತು.

ಊರಾಚೆ ಹಳೆಯ ಹಾಲಿನ ಡೈರಿಯ ಕಟ್ಟಡದಲ್ಲಿ ಕಾಡುಪ್ರಾಣಿಗಳ ಆರೈಕೆ ಕೇಂದ್ರವೊಂದಿದೆ. ರೆಕ್ಕೆ ಮುರಿದ ಹದ್ದು, ಗಾಡಿಗೆ ಸಿಕ್ಕಿದ ಮೊಲ, ಚಿಪ್ಪು ಒಡೆದ ಆಮೆ, ಹೀಗೆ ಯಾರಾದರೂ ತಂದು ಕೊಟ್ಟಿದ್ದನ್ನು ಗುಣಪಡಿಸಿ ಮತ್ತೆ ಕಾಡಿಗೆ ಬಿಡುತ್ತಾರೆ. ಅವರು ಸಲಹಾ ಸಮಿತಿಗೆ ಸ್ವಯಂಸೇವಕರು ಬೇಕು ಎಂದಾಗ ಇವರ ಹೆಸರು ಬರೆಸಿದವಳು ನಾನೇ. ಸಂಜೆ ಎರಡು ತಾಸಾದರೂ ಮನೆ ತಣ್ಣಗಿರಲಿ ಎಂಬುದು ನನ್ನ ಲೆಕ್ಕಾಚಾರ. ಇವರು ಬಿಡಬೇಕಲ್ಲ, ಮಾರನೆಯ ದಿನವೇ ಹೋಗಿ ನನ್ನ ಹೆಸರನ್ನೂ ಬರೆಸಿ ಬಂದರು. ಹಾಗಾಗಿ ಇವರು ಅಧ್ಯಕ್ಷರು, ನಾನು ನಡಾವಳಿ ಬರೆಯುವವಳು. ಜೊತೆಗೆ ಒಬ್ಬ ವಕೀಲರು, ಔಷಧಿ ಅಂಗಡಿಯವರೊಬ್ಬರು. ನಾಲ್ಕೇ ಜನ, ಆದರೆ ಗದ್ದಲ ನಲವತ್ತು ಜನರದು.

ಸಮಿತಿಯವರು ಪ್ರಾಣಿಗಳನ್ನು ಮುಟ್ಟುವ ಹಾಗಿಲ್ಲ, ಹತ್ತಿರ ಹೋಗಿ ನೋಡುವ ಹಾಗೂ ಇಲ್ಲ. ಸಲಹೆ ಕೊಡಬಹುದು, ಅಷ್ಟೇ. ಕೊಟ್ಟ ಸಲಹೆಯನ್ನು ಡಾಕ್ಟರಮ್ಮ ತೆಗೆದುಕೊಳ್ಳಲೇಬೇಕು ಎಂದೇನೂ ಇಲ್ಲ. ಡಾಕ್ಟರಮ್ಮ ಎಂದರೆ ಕೇಂದ್ರದ ಪಶುವೈದ್ಯೆ. ಮೂವತ್ತು ದಾಟಿದ ಚುರುಕು ಹೆಂಗಸು, ನಮ್ಮ ಸಲಹೆಗಳನ್ನೆಲ್ಲ ನಗುನಗುತ್ತಾ ಕೇಳಿಸಿಕೊಂಡು ತನ್ನ ಮನಸ್ಸಿಗೆ ಬಂದದ್ದನ್ನೇ ಮಾಡುತ್ತಿದ್ದಳು. ಎರಡು ವರ್ಷದಲ್ಲಿ ನಮ್ಮ ಒಂದೇ ಒಂದು ಸಲಹೆ ಜಾರಿಗೆ ಬಂದಿತ್ತು. ಮುಂಭಾಗದ ಗಾಳಿ ಬೆಳಕಿನ ಕೋಣೆಯನ್ನು ಗಾಯಗೊಂಡ ಪ್ರಾಣಿಗಳಿಗೆ ಬಿಟ್ಟುಕೊಟ್ಟು, ಸಮಿತಿ ಹಿಂದಿನ ಉಗ್ರಾಣದಲ್ಲಿ ಸಭೆ ಸೇರುವುದು ಎಂಬ ಸಲಹೆ ಅದು. ಕೊಟ್ಟವರು ನಮ್ಮ ಮನೆಯವರೇ. ಆ ತ್ಯಾಗದ ಬಗ್ಗೆ ಇವರು ಒಂದು ವಾರ ಭಾಷಣ ಮಾಡಿದರು.

ಉಗ್ರಾಣದ ಒಂದು ಗೋಡೆ ಬರೀ ಹಲಗೆಯದು. ಅದರ ಆಚೆ ಏನಿದೆ ಎಂದು ನಾವು ಯಾರೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಡಾಕ್ಟರಮ್ಮ ನಮಗೊಂದು ನಿಜವಾದ ಕೆಲಸ ಕೊಟ್ಟಳು. ಹೊಸದಾಗಿ ಬರುವ ಸ್ವಯಂಸೇವಕರಿಗೆ ಒಂದು ನಿಯಮಾವಳಿ ಬರೆದುಕೊಡಬೇಕು. ಇವರಿಗೆ ಹಬ್ಬವೇ ಆಗಿಹೋಯಿತು. ದಿನಾ ಸಂಜೆ ಐದಕ್ಕೆ ಸಭೆ. ಐದು ಎಂದರೆ ಐದು, ನಾಲ್ಕು ಐವತ್ತೊಂಬತ್ತಕ್ಕೆ ಇವರ ಗಂಟಲು ಸರಿಮಾಡಿಕೊಳ್ಳುವ ಸದ್ದು, ಐದಕ್ಕೆ ಸರಿಯಾಗಿ "ಸಭೆಗೆ ಎಲ್ಲರಿಗೂ ಸ್ವಾಗತ." ನಿಯಮ ಒಂದು ಹೀಗಿತ್ತು: ಆರೈಕೆಯಲ್ಲಿರುವ ಪ್ರಾಣಿಯ ಕಿವಿಗೆ ಮನುಷ್ಯರ ದನಿ ಬೀಳಬಾರದು. 'ಬೀಳಬಾರದು' ಎಂದರೆ ಸಾಕೋ, 'ಬೀಳತಕ್ಕದ್ದಲ್ಲ' ಎನ್ನಬೇಕೋ ಎಂದು ವಕೀಲರು ತಗಾದೆ ತೆಗೆದರು. ಪಿಸುಮಾತು ದನಿಯೋ ಅಲ್ಲವೋ ಎಂದು ಔಷಧಿ ಅಂಗಡಿಯವರು ಕೇಳಿದರು. ಈ ಒಂದು ನಿಯಮವನ್ನು ಇವರು ಏಳು ವಾರ, ದಿನಕ್ಕೆ ಹತ್ತು ಸಲ, ಎದ್ದು ನಿಂತು, ಕೊನೆಯ ಬೆಂಚಿಗೆ ಕೇಳಿಸುವ ಹಾಗೆ ಓದಿದರು.

ಎರಡನೆಯ ವಾರದಿಂದ ಹಲಗೆಯ ಆಚೆ 'ಸ್ಸ್ಸ್' ಎಂದು ಒಂದು ಸದ್ದು ಶುರುವಾಯಿತು. ಇವರು ಮಾತಾಡಿದಾಗ ಬರುತ್ತಿತ್ತು, ನಿಲ್ಲಿಸಿದಾಗ ನಿಲ್ಲುತ್ತಿತ್ತು. ಆದರೆ ಇವರು ನಿಲ್ಲಿಸುವುದೇ ಅಪರೂಪವಾದ್ದರಿಂದ ಆ ಸಂಬಂಧ ಯಾರಿಗೂ ಹೊಳೆಯಲಿಲ್ಲ. ಎಲ್ಲೋ ಪೈಪು ಸೋರುತ್ತಿದೆ ಎಂದು ನಾನು ನಡಾವಳಿಯಲ್ಲಿ ಬರೆದೆ. ಮೂರು ಸಭೆಗಳಲ್ಲಿ ಅದರ ಬಗ್ಗೆಯೇ ಚರ್ಚೆಯಾಗಿ, ನಲ್ಲಿ ರಿಪೇರಿಯವನನ್ನು ಕರೆಸಬೇಕೆಂದು ಠರಾವಾಯಿತು. ಅವನು ಬಂದು ಕಟ್ಟಡವನ್ನೆಲ್ಲ ಸುತ್ತಿ, "ಈ ಕಡೆ ಪೈಪೇ ಇಲ್ವಲ್ಲ ಸ್ವಾಮಿ" ಎಂದು ಹೋದ.

ಏಳನೆಯ ವಾರ ಒಂದು ಸಂಜೆ ಡಾಕ್ಟರಮ್ಮ ಏನೋ ಕಾಗದಕ್ಕೆ ಸಹಿ ಹಾಕಿಸಲು ಉಗ್ರಾಣಕ್ಕೆ ಬಂದಳು. ಇವರು ಆಗ ನಿಯಮ ಒಂದನ್ನು ಓದುತ್ತಿದ್ದರು. 'ಸ್ಸ್ಸ್' ಬಂತು. ಡಾಕ್ಟರಮ್ಮ ಇದ್ದಲ್ಲೇ ನಿಂತಳು.

"ಮೇಷ್ಟ್ರೇ, ಸ್ವಲ್ಪ ನಿಲ್ಸಿ."

ಇವರು ನಿಲ್ಲಿಸಿದರು. ಸದ್ದೂ ನಿಂತಿತು.

"ಈಗ ಮಾತಾಡಿ."

"ಏನು ಮಾತಾಡ್ಲಿ?" ಎಂದರು ಇವರು. 'ಸ್ಸ್ಸ್' ಎಂದಿತು ಗೋಡೆ.

ಡಾಕ್ಟರಮ್ಮನ ಮುಖ ಇಳಿದುಹೋಯಿತು. ಅವಳು ಸದ್ದಾಗದಂತೆ ನಮ್ಮನ್ನೆಲ್ಲ ಹೊರಗೆ ಅಂಗಳಕ್ಕೆ ಕರೆದುಕೊಂಡು ಹೋಗಿ ವಿಷಯ ಹೇಳಿದಳು. ಹಲಗೆಯ ಆಚೆ ಇದ್ದದ್ದು ಒಂದು ಕಣಜದ ಗೂಬೆ. ಮೂರು ವಾರದ ಮರಿಯಾಗಿದ್ದಾಗ ಯಾರೋ ತಂದುಕೊಟ್ಟದ್ದು. ಅದಕ್ಕೆ ಮನುಷ್ಯರ ಗುರುತೇ ಸಿಗಬಾರದೆಂದು, ಆರೈಕೆಯ ಹೆಂಗಸು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಗೂಬೆಯ ತಲೆಯಂತಿರುವ ಕೈಗವಸು ತೊಟ್ಟು, ಕಿಂಡಿಯಿಂದ ಇಲಿಮಾಂಸ ಕೊಡುತ್ತಿದ್ದಳು. ಆ ಹೆಂಗಸು ಕೆಲಸದ ಹೊತ್ತಿನಲ್ಲಿ ತುಟಿ ಬಿಚ್ಚುವವಳಲ್ಲ, ಅದಕ್ಕೇ ಎಲ್ಲರೂ ಅವಳನ್ನು ಮೌನಿಯಕ್ಕ ಎನ್ನುತ್ತಿದ್ದರು. ಪಕ್ಕದ ಸಭೆಯ ಗದ್ದಲವನ್ನೂ ಅವಳು ಯಾರಿಗೂ ಹೇಳಿರಲಿಲ್ಲ, ಆ ಹೊತ್ತಿಗೆ ಡಾಕ್ಟರಮ್ಮ ಈ ಕಡೆ ಬರುವವಳಲ್ಲ. ಎಲ್ಲ ಸರಿಯಾಗಿಯೇ ನಡೆದಿತ್ತು. ಊಟದ ಹೊತ್ತು ಮಾತ್ರ ಸಂಜೆ ಐದು.

"ಕತ್ತಲಲ್ಲಿ ಇಲಿ ಕಾಲಿಟ್ರೂ ಕೇಳಿಸಿಕೊಳ್ಳೋ ಕಿವಿ ಅದು," ಎಂದಳು ಡಾಕ್ಟರಮ್ಮ. "ಏಳು ವಾರದಿಂದ ಮೇಷ್ಟ್ರ ದನಿ ಬಂತು ಅಂದ್ರೆ ಊಟ ಬಂತು ಅಂತ ಕಲಿತುಬಿಟ್ಟಿದೆ. ಮರಿ ಅಮ್ಮನ್ನ ಕರೆಯೋ ಸದ್ದು ಅದು."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಕೇಳಿದ್ದೆ. ಶಾಸ್ತ್ರ ಹೇಳಿಯೇ ಕೆಡಿಸಿದವರನ್ನು ಅವತ್ತೇ ನೋಡಿದ್ದು. ವಕೀಲರು ಮಾತ್ರ ಅಲ್ಲೂ ಬಿಡಲಿಲ್ಲ, "ಗೋಡೆ ಹಲಗೇದು ಅಂತ ನಮಗೆ ಯಾರೂ ಹೇಳಿರ್ಲಿಲ್ಲ, ಎಲ್ಲಾ ಸಮಿತಿ ಮೇಲೆ ಗೂಬೆ ಕೂರಿಸ್ಬೇಡಿ" ಎಂದರು. ಯಾರಿಗೂ ನಗು ಬರಲಿಲ್ಲ.

ಡಾಕ್ಟರಮ್ಮ ಮುಂದಿನದನ್ನೂ ಮುಚ್ಚಿಡದೆ ಹೇಳಿದಳು. ತಿಂಗಳ ಕೊನೆಗೆ ಪಕ್ಕದ ಹೊಲಗಳ ಕಟಾವು. ಕಟಾವಾದ ಮೇಲೆ ಒಂದೆರಡು ವಾರ ಅಲ್ಲಿ ಇಲಿಗಳದೇ ಸಂತೆ. ಎಳೆಯ ಗೂಬೆ ಬೇಟೆ ಕಲಿಯಬೇಕಾದರೆ ಆಗಲೇ ಕಲಿಯಬೇಕು. ಆದರೆ ಮನುಷ್ಯರ ದನಿಗೆ ಓಡಿ ಬರುವ ಗೂಬೆಯನ್ನು ಹೊರಗೆ ಬಿಡುವಂತಿಲ್ಲ. ಯಾರದೋ ಮನೆಯಂಗಳಕ್ಕೆ ಇಳಿದರೆ, ಗೂಬೆಯನ್ನು ಕಂಡು ಕಲ್ಲೆತ್ತುವವರೇ ಹೆಚ್ಚು. ಇರುವ ಮೂರು ವಾರದಲ್ಲಿ ಅದು ಈ ದನಿಗೆ ಹೆದರುವುದನ್ನು ಕಲಿಯದಿದ್ದರೆ, ಕಾಡಿಗೆ ಮರಳಲಾಗದವನ್ನು ಇಡುವ ಗೇಟಿನ ಪಕ್ಕದ ಪಂಜರವೇ ಅದಕ್ಕೆ ಗತಿ. ಹತ್ತು ಹನ್ನೆರಡು ವರ್ಷ, ಬದುಕಿರುವ ತನಕ.

ಮನೆಗೆ ಹೋಗುವಾಗ ಬೀದಿಯ ತಿರುವಿನಲ್ಲಿ ಇವರು ನಿಂತರು.

"ಹಲಗೆಗೆ ಅಂಟಿಕೊಂಡು ಕೂತಿರ್ತಿತ್ತಂತೆ ಕಣೇ. ಮೌನಿಯಕ್ಕ ನೋಡಿದಾಳಂತೆ. ಊಟ ಮುಗಿದ ಮೇಲೂ ಹೋಗ್ತಿರ್ಲಿಲ್ಲವಂತೆ, ಮಾತು ಮುಗಿಯೋ ತನಕ ಕೇಳ್ತಾ ಕೂತಿರ್ತಿತ್ತಂತೆ."

ಆ ಮುಖದಲ್ಲಿ ಸಂಕಟವಿತ್ತು, ಸುಳ್ಳೇಕೆ, ಒಂದು ಚೂರು ಸಂತೋಷವೂ ಇತ್ತು. ನಾನು ಕಾಣದವಳಂತೆ ಮುಂದೆ ನಡೆದೆ.

ಮರುದಿನದಿಂದ ಪಾಠ ಶುರು. ಗೂಬೆಯ ಊಟದ ಹೊತ್ತನ್ನು ಡಾಕ್ಟರಮ್ಮ ಬದಲಿಸಿದಳು. ಐದಕ್ಕೆ ಇವರು ಹಲಗೆಯಾಚೆಯ ಪಂಜರದ ಜಾಲರಿಯ ಮುಂದೆ ನಿಂತು ಮಾತಾಡಬೇಕು. ಗೂಬೆ ಹತ್ತಿರ ಬಂದ ಕೂಡಲೇ ಮೌನಿಯಕ್ಕ ಪರದೆಯ ಹಿಂದಿನಿಂದ ಪೈಪಿನಲ್ಲಿ ನೀರು ಎರಚಬೇಕು, ವಕೀಲರು ತಗಡಿನ ತಟ್ಟೆ ಬಡಿಯಬೇಕು. ವಕೀಲರಿಗೆ ಈ ಕೆಲಸ ಬಹಳ ಹಿಡಿಸಿತು. ಅಷ್ಟು ವರ್ಷ ನ್ಯಾಯಾಲಯದಲ್ಲಿ ಕಟ್ಟಿಟ್ಟುಕೊಂಡ ಸಿಟ್ಟನ್ನೆಲ್ಲ ತಟ್ಟೆಯ ಮೇಲೆ ತೀರಿಸಿದರು.

ನಾನು ಆ ಗೂಬೆಯನ್ನು ಮೊದಲು ನೋಡಿದ್ದು ಆಗಲೇ. ಕತ್ತರಿಸಿದ ಸೇಬಿನಂಥ ಬಿಳಿ ಮುಖ, ಎರಡು ಕಪ್ಪು ಕಣ್ಣು. ಇವರು "ಸಭೆಗೆ ಎಲ್ಲರಿಗೂ" ಎನ್ನುತ್ತಿದ್ದಂತೆ ಮೇಲಿನ ಕೊಂಬೆಯಿಂದ ಸದ್ದೇ ಇಲ್ಲದೆ ಇಳಿದು ಬಂತು. ಬಂದಿದ್ದೇ ತಡ, ನೀರು ಬಿತ್ತು, ತಟ್ಟೆ ಮೊಳಗಿತು. ಗರಿಯೆಲ್ಲ ತೊಯ್ದು ಮುದ್ದೆಯಾಗಿ ಹಿಂದಕ್ಕೆ ಹಾರಿತು. ಅಲ್ಲಿಂದ ಇವರ ಕಡೆಗೇ ನೋಡಿತು. ಆದರೂ ಇವರು 'ಸ್ವಾಗತ' ಎಂಬುದನ್ನು ಮುಗಿಸಿದರು.

ಮೊದಲ ವಾರ ಒಳ್ಳೆಯ ಫಲ ಕಂಡಿತು. ಗೂಬೆ ಬರುವುದು ತಡವಾಯಿತು, ಹಿಂಜರಿಯಿತು, ಒಂದು ದಿನ ಬರಲೇ ಇಲ್ಲ. ಎರಡನೆಯ ವಾರ ಮಾತ್ರ ಪಾಠ ಮುಂದೆ ಸಾಗಲಿಲ್ಲ. ಸಂಜೆ ಹೆದರಿ ಹಾರಿಹೋದದ್ದು ಮಾರನೆಯ ಸಂಜೆ ಮತ್ತೆ ಇಳಿದು ಬರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. "ಎಲ್ಲೋ ಏನೋ ತಪ್ತಿದೆ" ಎಂದು ಡಾಕ್ಟರಮ್ಮ ತಲೆ ಕೆರೆದುಕೊಂಡಳು.

ಎಲ್ಲಿ ತಪ್ಪುತ್ತಿದೆ ಎಂದು ನನಗೆ ಅನುಮಾನ ಬಂತು. ಬೆಳಗಿನ ವಾಕಿಂಗಿಗೆ ಅರ್ಧ ತಾಸು ಸಾಕಾಗುತ್ತಿದ್ದ ಇವರಿಗೆ ಆ ವಾರ ಒಂದೂವರೆ ತಾಸು ಬೇಕಾಗುತ್ತಿತ್ತು. ಒಂದು ಬೆಳಗ್ಗೆ ಹಿಂದೆಯೇ ಹೋದೆ. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಇವರು ಸ್ಟೂಲಿನ ಮೇಲೆ ಕೂತು, ಹಲಗೆಗೆ ಹಣೆ ಹಚ್ಚಿ ಮಾತಾಡುತ್ತಿದ್ದರು.

ಅಂಥ ದನಿಯನ್ನು ನಾನು ಇವರಲ್ಲಿ ಕೇಳಿಯೇ ಇರಲಿಲ್ಲ. ಅಷ್ಟು ಮೆಲ್ಲಗೆ, ಅಷ್ಟು ಮೆತ್ತಗೆ. "ನಿನ್ನೆ ನೀರು ಜೋರಾಗಿ ಬಿತ್ತೇನೋ? ಬೇಜಾರು ಮಾಡ್ಕೋಬೇಡಪ್ಪ. ನಿನ್ನ ಒಳ್ಳೇದಕ್ಕೇ." ಆಚೆಯಿಂದ 'ಸ್ಸ್ಸ್' ಎಂಬ ಉತ್ತರ.

ನನಗೆ ಸಿಟ್ಟು ಬಂತು. ಹೊಟ್ಟೆಕಿಚ್ಚೂ ಬಂತು. ಹೌದು, ಗೂಬೆಯ ಮೇಲೆ ಹೊಟ್ಟೆಕಿಚ್ಚು! ನನ್ನ ಜೊತೆ ನಲವತ್ತು ವರ್ಷ ಭಾಷಣ ಮಾಡಿದ ಗಂಡಸು ಗೋಡೆಯ ಜೊತೆ ಪಿಸುಗುಡುತ್ತಿದ್ದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ತೋಳು ಹಿಡಿದು ಹೊರಗೆ, ಗೇಟಿನ ತನಕ ಎಳೆದುಕೊಂಡು ಬಂದೆ.

"ಎಷ್ಟು ದಿನದಿಂದ ನಡೀತಿದೆ ಇದು?"

"ಆರು ದಿನ."

"ಬುದ್ಧಿ ಇದೆಯೇನ್ರೀ ನಿಮಗೆ? ಸಂಜೆ ಹೆದರಿಸೋದು, ಬೆಳಗ್ಗೆ ಮುದ್ದು ಮಾಡೋದು. ಅದು ಏನಂತ ತಿಳ್ಕೋಬೇಕು?"

ಇವರು ಗೇಟಿನ ಕಂಬಿ ಹಿಡಿದು ನಿಂತರು. "ಮಕ್ಕಳು ಬೆಲ್ ಹೊಡೆಯೋ ತನಕ ಕೂತಿರ್ತಿದ್ರು, ಹೊಡೆದ ಕೂಡ್ಲೇ ಓಡ್ತಿದ್ರು. ನೀನು ಬರ್ಕೊಳ್ಳೋದಿದೆ ಅಂತ ಕೂರ್ತೀಯ. ಇದು ತಾನಾಗೇ ಬಂತು ಕಣೇ. ಯಾರೂ ಕೂರು ಅನ್ಲಿಲ್ಲ."

"ಊಟಕ್ಕೆ ಬಂತು ರೀ," ಎಂದುಬಿಟ್ಟೆ.

ಆಡಿದ ಮಾತು ಮರಳಿ ಬರುವುದಿಲ್ಲ. ನಾನೇ ಇವರನ್ನು ಇಲ್ಲಿಗೆ ಸಾಗಹಾಕಿದವಳು, ಮನೆ ತಣ್ಣಗಿರಲಿ ಎಂದು. ಇವರಿಗೆ ಅದು ಗೊತ್ತಿತ್ತೇನೋ, ಗೊತ್ತಿದ್ದೂ ನನ್ನನ್ನು ಜೊತೆಗೆ ಸೇರಿಸಿಕೊಂಡರೇನೋ.

"ಊಟಕ್ಕೆ ಅಂತ ಗೊತ್ತು," ಎಂದರು ಇವರು. "ಗೊತ್ತಿದ್ದೂ ಬಂದೆ. ಪಂಜರದಲ್ಲೇ ಉಳಿದ್ರೆ ದಿನಾ ಬಂದು ಮಾತಾಡಿಸ್ಬೋದಲ್ಲ ಅಂತ ಒಂದು ಸಲ ಅನ್ನಿಸಿಯೂ ಬಿಡ್ತು. ಥೂ, ನಾನೆಂಥ ಮೇಷ್ಟ್ರು."

ನಾನು ಇವರ ಕೈ ಮೇಲೆ ಕೈ ಇಟ್ಟೆ. "ಅದು ಹೊರಗೆ ಹೋಗಿ ಯಾರದೋ ಮೆತ್ತನೆ ಮಾತು ಕೇಳಿ ಇಳಿದ್ರೆ, ಅವರು ಬಾರಪ್ಪ ಅಂತಾರಾ? ನೀವೇ ಹೇಳಿ."

ಇವರು ತಲೆಯಾಡಿಸಿದರು. "ಜೋರು ಮಾತಿಗೆ ಮಾತ್ರ ಹೆದರೋದು ಕಲಿಸಿದ್ವಿ. ಮೆತ್ತಗಿನ ಮಾತಿಗೂ ಹೆದರಬೇಕು." ಆಮೇಲೆ ನನ್ನ ಕಡೆ ತಿರುಗಿ, "ವಕೀಲರ ಕೈಲಿ ಬೇಡ. ನಾನು ಮಾತಾಡ್ತೀನಿ, ತಟ್ಟೆ ನೀನು ಹೊಡಿ" ಎಂದರು.

ಅವತ್ತಿನ ಸಭೆಯಲ್ಲಿ ಇವರು ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡರು. "ಅಧ್ಯಕ್ಷರು ನಿಯಮ ಒಂದನ್ನು ಆರು ದಿನ, ತಿಳಿದೂ ತಿಳಿದೂ ಮುರಿದಿರುತ್ತಾರೆ" ಎಂದು ನನ್ನಿಂದ ನಡಾವಳಿಯಲ್ಲಿ ಬರೆಸಿದರು. ಡಾಕ್ಟರಮ್ಮ ಬೈಯುತ್ತಾಳೆಂದು ನಾನು ಕಾದೆ. ಅವಳು, "ನಾನೂ ಮೊದಲ ವರ್ಷ ಒಂದು ಮೊಲಕ್ಕೆ ಹಾಡು ಹೇಳ್ತಿದ್ದೆ ಮೇಷ್ಟ್ರೇ" ಎಂದಳು, ಅಷ್ಟೇ.

ಉಳಿದದ್ದು ಒಂಬತ್ತು ದಿನ. ಬೆಳಗ್ಗೆ, ಸಂಜೆ ಎರಡು ಹೊತ್ತೂ ನಾವಿಬ್ಬರೂ ಜಾಲರಿಯ ಮುಂದೆ ನಿಲ್ಲುತ್ತಿದ್ದೆವು. ಇವರು ಆ ಮೆತ್ತನೆಯ ದನಿಯಲ್ಲಿ ಮಾತಾಡಬೇಕು, ಗೂಬೆ ತಲೆ ತಿರುಗಿಸಿದ ಕ್ಷಣಕ್ಕೆ ನಾನು ತಟ್ಟೆ ಬಡಿಯಬೇಕು. ಮಾತಾಡಲು ನಿಯಮಾವಳಿ ಸಾಲದಾಯಿತು. ಇವರು ತಮಗೆ ತೋಚಿದ್ದನ್ನು ಹೇಳತೊಡಗಿದರು. ಮೊದಲ ದಿನ ಶಾಲೆಗೆ ಹೋದಾಗ ಚಾಕ್‌ಪೀಸು ಹಿಡಿದ ಕೈ ಬೆವೆತಿದ್ದು, ಒಬ್ಬ ಹುಡುಗಿಗೆ ಅನ್ಯಾಯವಾಗಿ ಏಟು ಕೊಟ್ಟು ಇವತ್ತಿಗೂ ಮರೆಯಲಾಗದ್ದು. ನನಗೆ ಇದೊಂದೂ ಗೊತ್ತಿರಲಿಲ್ಲ. ಹೇಳಿದ್ದರೇನೋ, ಯಂತ್ರ ತುಳಿಯುತ್ತಾ ನಾನೇ ಕೇಳಿಸಿಕೊಂಡಿರಲಿಲ್ಲವೇನೋ.

ಒಂದು ಸಂಜೆ, "ಇವಳು ನನ್ನ ಹೆಂಡ್ತಿ," ಎಂದರು ಗೂಬೆಗೆ. "ತಟ್ಟೆ ಬಡೀತಾಳೆ ಅಂತ ತಪ್ಪು ತಿಳ್ಕೋಬೇಡ. ನನಗೆ ಆಗದ ಕೆಲಸ ಎಲ್ಲಾ ಇವಳೇ ಮಾಡ್ಕೊಂಡು ಬಂದಿದ್ದು."

ಗೂಬೆ ತಲೆ ತಿರುಗಿಸಿತು. ನನ್ನ ಕಣ್ಣು ತುಂಬಿ ಬಂದಿತ್ತು. ಆದರೂ ಬಡಿದೆ. ಬಡಿಯಲೇಬೇಕಿತ್ತು.

ತಿಂಗಳ ಕೊನೆಯ ದಿನ, ಬಿಸಿಲಿಳಿದ ಮೇಲೆ, ಕಟಾವಾದ ಹೊಲಕ್ಕೆ ಹೋದೆವು. ಹೊಲದ ಅಂಚಿನಲ್ಲಿ ಒಂದು ಕಂಬ ನೆಟ್ಟು, ಅದರ ಮೇಲೆ ಗೂಬೆಯ ಪೆಟ್ಟಿಗೆ ಇಟ್ಟಿದ್ದರು. ಮೌನಿಯಕ್ಕ ಉದ್ದ ಹಿಡಿಯ ಬಲೆ ಹಿಡಿದು ಬೇಲಿಯ ಬಳಿ ಕೂತಳು. ಇವರು ಕಂಬದಿಂದ ಮೂವತ್ತು ಹೆಜ್ಜೆ ದೂರ ನಿಂತು ಹತ್ತು ನಿಮಿಷ ಗೂಬೆಯನ್ನು ಕರೆಯಬೇಕು. ಬಳಿಗೆ ಬಂದರೆ ಬಲೆ, ಗೇಟಿನ ಪಕ್ಕದ ಪಂಜರ. ಬರದಿದ್ದರೆ ಆಕಾಶ. ಇವತ್ತು ತಟ್ಟೆ ಇಲ್ಲ, ನೀರೂ ಇಲ್ಲ.

"ನಿಜವಾಗ್ಲೂ ಕರೀಬೇಕು ಮೇಷ್ಟ್ರೇ," ಎಂದಳು ಡಾಕ್ಟರಮ್ಮ. "ಸುಮ್ನೆ ಬಾಯಿ ಮಾತಿಗೆ ಕರೆದ್ರೆ ಪರೀಕ್ಷೆ ಆಗಲ್ಲ. ಬರ್ಲಿ ಅಂತಾನೇ ಕರೀರಿ."

ಇವರು ಹೋಗಿ ನಿಂತರು. ಡಾಕ್ಟರಮ್ಮ ಹಗ್ಗ ಎಳೆದಳು, ಪೆಟ್ಟಿಗೆಯ ಬಾಗಿಲು ಬಿತ್ತು. ಗೂಬೆ ಹೊರಗೆ ಬಂದು ಕಂಬದ ತುದಿಯಲ್ಲಿ ಕೂತು ಸುತ್ತ ನೋಡಿತು. ಅಷ್ಟು ದೊಡ್ಡ ಬಯಲನ್ನು ಅದು ಕಂಡದ್ದೇ ಮೊದಲು.

"ಸಭೆಗೆ ಎಲ್ಲರಿಗೂ ಸ್ವಾಗತ," ಎಂದರು ಇವರು, ದೊಡ್ಡ ದನಿಯಲ್ಲಿ. ಗೂಬೆಯ ಬಿಳಿ ಮುಖ ಇವರ ಕಡೆ ತಿರುಗಿತು, ಆದರೆ ಕೂತಲ್ಲಿಂದ ಕದಲಲಿಲ್ಲ. ಆಮೇಲೆ ಇವರು ದನಿ ಇಳಿಸಿದರು. "ಬಾರಪ್ಪ. ನಾನು ಕಣೋ. ಬಾ, ಏನೂ ಮಾಡಲ್ಲ. ಇವತ್ತು ನೀರಿಲ್ಲ, ತಟ್ಟೆ ಇಲ್ಲ. ಬಾ ನನ್ನಪ್ಪ." ಕೈ ಚಾಚಿದರು. ಅದು ನಾಟಕವಾಗಿರಲಿಲ್ಲ.

ಗೂಬೆ ರೆಕ್ಕೆ ಬಿಚ್ಚಿತು. ಕಂಬ ಬಿಟ್ಟು ಕೆಳಗಿಳಿಯಿತು. ನೇರ ಇವರ ಕಡೆಗೇ ಬಂತು. ಮೌನಿಯಕ್ಕ ಬಲೆ ಎತ್ತಿದಳು. ಇವರು ಕರೆಯುವುದನ್ನು ನಿಲ್ಲಿಸಲಿಲ್ಲ. "ಬಾರಪ್ಪ" ಎಂದು ಮತ್ತೊಮ್ಮೆ ಅಂದಾಗ, ಹತ್ತು ಹೆಜ್ಜೆ ದೂರದಲ್ಲಿ ಗೂಬೆ ಸರಕ್ಕನೆ ಒಂದು ಪಕ್ಕಕ್ಕೆ ವಾಲಿತು. ಬೇಲಿಯ ಮೇಲಿಂದ ಹಾರಿತು, ಹೊಲದ ಆಚೆ ಮರಗಳ ಕಡೆಗೆ ಹೋಯಿತು, ಕಾಣದಾಯಿತು.

ಹತ್ತು ನಿಮಿಷ ಎಂದಿದ್ದಳಲ್ಲ ಡಾಕ್ಟರಮ್ಮ, ಇವರು ಹತ್ತು ನಿಮಿಷವೂ ಕರೆದರು. ಕೊಯ್ದ ಪೈರಿನ ಕೂಳೆಗಳ ನಡುವೆ ಒಬ್ಬರೇ ನಿಂತು, ಖಾಲಿ ಬಯಲಿಗೆ, ಬಾ ಬಾ ಎಂದು. ಕೊನೆಗೆ ಅವಳು ಕೈ ಎತ್ತಿ ಸಾಕು ಎಂದಳು. ಮೌನಿಯಕ್ಕ ಬಲೆಯನ್ನು ಕೆಳಗಿಟ್ಟು, "ಹೋಯ್ತು ಮೇಷ್ಟ್ರೇ, ಹೋಯ್ತು!" ಎಂದು ಕೂಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇವರು ಕೂಳೆಗಳನ್ನು ದಾಟಿಕೊಂಡು ನನ್ನ ಬಳಿಗೆ ಬಂದರು. ಕೆನ್ನೆ ಒದ್ದೆಯಾಗಿತ್ತು, ಮುಖ ಮಾತ್ರ ತಮ್ಮ ತರಗತಿಯ ಅತಿ ದಡ್ಡ ಹುಡುಗ ಪಾಸಾದಾಗ ಇರುತ್ತಿದ್ದ ಹಾಗಿತ್ತು.

"ಬರ್ಲಿಲ್ಲ ಕಣೇ. ಎಷ್ಟು ಕರೆದೆ, ತಿರುಗಿ ಕೂಡ ನೋಡ್ಲಿಲ್ಲ." ಮೂಗು ಒರೆಸಿಕೊಂಡು, ಅನುಮಾನದಿಂದ ಕೇಳಿದರು, "ಸರಿಯಾಗಿ ಕರೆದ್ನಾ ನಾನು? ಬರ್ಲಿ ಅಂತಾನೇ ಕರೆದ್ನಾ?"

"ಸರಿಯಾಗೇ ಕರೆದ್ರಿ," ಎಂದೆ. "ನಾನಾಗಿದ್ರೆ ಬಂದ್ಬಿಡ್ತಿದ್ದೆ."